ಮುಂಬಯಿಯ ಸುಶಿ ಮತ್ತು ತಂಗಳಿನ ಪ್ರಶ್ನೆ

ಆಹಾರ ತಂಗಳಾಗುವುದು ಯಾವಾಗ ಎಂಬ ಪ್ರಶ್ನೆಗೆ ಭಾರತೀಯ ಚಿಂತನೆಯಲ್ಲಿ ಒಂದೇ ಉತ್ತರವಿಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯ ಆಹಾರವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುತ್ತದೆ. ಯಾಮ ಕಳೆದದ್ದು, ರಸ ಹೋದದ್ದು, ನಾತ ಹಿಡಿದದ್ದು, ರಾತ್ರಿ ಉಳಿದದ್ದು ತಾಮಸದ ಪಾಲಿಗೆ. ಒಂದು ಯಾಮಕ್ಕೆ ಮೂರು ಗಂಟೆ. ಗಡಿಯಾರ ಹಿಡಿದು ಕೂತರೆ ಮುಂಬಯಿಯ ಯಾವ ಸುಶಿ ಹೋಟೆಲೂ ಇದರಲ್ಲಿ ಪಾಸಾಗದು. ಆದರೆ ಶಂಕರಾಚಾರ್ಯರ ಭಾಷ್ಯ ಇಲ್ಲಿ ಗಂಟೆಯನ್ನು ಎಣಿಸುವುದಿಲ್ಲ. ‘ಯಾಮ ಕಳೆದದ್ದು’ ಎಂಬುದಕ್ಕೆ ಸರಿಯಾಗಿ ಬೇಯದ್ದು ಎಂದು ಅರ್ಥ ಹೇಳುತ್ತದೆ. ಹಾಗೆ ನೋಡಿದರೆ ಹಸಿ ಮೀನಿನ ಗತಿ ಇನ್ನೂ ಕಷ್ಟ, ಅದು ಬೇರೆ ಮಾತು.

ಮನುಸ್ಮೃತಿಯ 5ನೆಯ ಅಧ್ಯಾಯ ಇನ್ನಷ್ಟು ವ್ಯವಹಾರಜ್ಞಾನದ್ದು. ತಂಗಳು ಬೇಡವೆನ್ನುತ್ತಲೇ ಅದು ಜಿಡ್ಡು ಸೇರಿದ ತಿನಿಸಿಗೆ, ಗೋಧಿ ಮತ್ತು ಜವೆಯ ಪದಾರ್ಥಕ್ಕೆ, ಹಾಲಿನಿಂದ ಮಾಡಿದ್ದಕ್ಕೆ ವಿನಾಯಿತಿ ಕೊಡುತ್ತದೆ. ಹುಳಿ ಬಂದದ್ದು ನಿಷಿದ್ಧ, ಆದರೆ ಮೊಸರು ಸರಿ. ಕಳೆದ ಕಾಲ ಒಂದೇ ಆದರೂ ಪದಾರ್ಥ ಬೇರೆಯಾದಾಗ ತೀರ್ಪೂ ಬೇರೆ. ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಬೆಳಗ್ಗೆ ಹಬೆಯಾಡುವ ಇಡ್ಲಿಗೂ ಹಿಟ್ಟು ಹಿಂದಿನ ರಾತ್ರಿಯೇ ಹುದುಗಿರಬೇಕು. ಅದನ್ನು ಯಾರೂ ತಂಗಳೆನ್ನುವುದಿಲ್ಲ.

ಮುಂಬಯಿಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಜೈನರ ನಿಲುವು ಇದಕ್ಕಿಂತ ಕಠಿಣ, ಕಾರಣವೂ ಬೇರೆ. ನೀರಿನಂಶವಿರುವ ಅಡುಗೆ ರಾತ್ರಿ ಕಳೆದರೆ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ತಿಂದರೆ ಹಿಂಸೆ. ತಾಜಾತನ ಅಲ್ಲಿ ರುಚಿಯ ಮಾತಲ್ಲ, ಅಹಿಂಸೆಯ ಮಾತು.

ಜಪಾನಿನ ಸುಶಿಯ ಇತಿಹಾಸವೂ ಗಡಿಯಾರದ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದರ ಹಳೆಯ ರೂಪದಲ್ಲಿ ಮೀನನ್ನು ಉಪ್ಪು, ಅನ್ನದೊಡನೆ ತಿಂಗಳುಗಟ್ಟಲೆ ಹುದುಗಿಸುತ್ತಿದ್ದರು. ಸಮುದ್ರದಿಂದ ದೂರದ ಬಿವಾ ಸರೋವರದ ಸುತ್ತ ‘ಫುನಾಜುಶಿ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ. ಹುಳಿಯನ್ನದ ಮೇಲೆ ಮೀನಿಟ್ಟು ಕೂಡಲೇ ಕೊಡುವ ಪದ್ಧತಿ ಎದೊ (ಇಂದಿನ ಟೋಕಿಯೊ) ನಗರದಲ್ಲಿ 19ನೆಯ ಶತಮಾನದಲ್ಲಿ ಬೆಳೆಯಿತು. ಈಗಲಂತೂ ಹಸಿಯಾಗಿ ತಿನ್ನುವ ಹಲವು ಮೀನುಗಳನ್ನು ಮೊದಲು ಹೆಪ್ಪುಗಟ್ಟಿಸಬೇಕು: ಪರೋಪಜೀವಿಗಳು ಸಾಯಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಗಳಲ್ಲಿ ಒಂದು. ಹೊಸದಾಗಿ ಹಿಡಿದದ್ದೇ ಅಪಾಯಕಾರಿ, ಒಂದು ವಾರ ಹಳೆಯದು ಸುರಕ್ಷಿತ ಎಂಬ ತಲೆಕೆಳಗಾದ ಸ್ಥಿತಿ ಇದು.

ಹಾಗಾದರೆ ಕಡಲ ದಡದ ಮುಂಬಯಿಗೆ ಒಳನಾಡಿನ ಊರಿಗಿಂತ ಏನು ಹೆಚ್ಚು? ಸುಶಿಯ ಮಟ್ಟಿಗೆ ಬಹಳವಿಲ್ಲ. 1875ರಲ್ಲಿ ತೆರೆದ ಕೊಲಾಬಾದ ಸಸೂನ್ ಡಾಕ್‌ನಲ್ಲಿ ನಸುಕಿಗೇ ಮೀನಿನ ಹರಾಜು ನಡೆಯುತ್ತದೆ. ಸಾಲ್ಮನ್ ಮಾತ್ರ ಅಲ್ಲಿ ಇಳಿಯುವುದಿಲ್ಲ. ಅದು ಅರಬ್ಬೀ ಸಮುದ್ರದ ಮೀನಲ್ಲ, ನಾರ್ವೆಯಂಥ ತಣ್ಣನೆಯ ದೇಶದಿಂದ ವಿಮಾನದಲ್ಲಿ ಬರಬೇಕು. ಸಾಲ್ಮನ್ ಸುಶಿಗೆ ಬಾಂದ್ರಾವೂ ಒಂದೇ, ನಾಗಪುರವೂ ಒಂದೇ. ಬಂಗುಡೆ, ಅಂಜಲ್, ಕಾಣೆಗಳ ವಿಷಯ ಹಾಗಲ್ಲ. ಫೋರ್ಟಿನಲ್ಲಿ ಆರಂಭವಾದ ಮಹೇಶ್ ಲಂಚ್ ಹೋಮ್‌ನಂಥ ಕರಾವಳಿ ಹೋಟೆಲುಗಳು ಹೆಸರು ಮಾಡಿದ್ದು ಅವುಗಳಿಂದಲೇ.

ಬೆಲೆಯ ನ್ಯಾಯವೂ ಇಲ್ಲಿಗೇ ಸೇರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ ನೂರಕ್ಕೆ 10 ಲಾಭವನ್ನು ಒಪ್ಪುತ್ತದೆ. ದೂರದಿಂದ ಬಂದದ್ದು ದುಬಾರಿಯಾಗುವುದು ಅಧರ್ಮವಲ್ಲ; ಹೆಪ್ಪುಗಟ್ಟಿಸಿದ್ದನ್ನು ಇಂದು ಹಿಡಿದದ್ದೆಂದು ಮಾರುವುದು ಅಧರ್ಮ. ಮೇಲಿನ ಗ್ರಂಥಗಳು ಕಾಲದ ಬಗ್ಗೆ ಎಷ್ಟೇ ಭಿನ್ನವಾಗಿ ಮಾತಾಡಿದರೂ ಮಾರುವವನ ಸುಳ್ಳಿಗೆ ವಿನಾಯಿತಿ ಕೊಟ್ಟದ್ದು ಒಂದೂ ಇಲ್ಲ. ಆದ್ದರಿಂದ ಹೋಟೆಲಿನಲ್ಲಿ ಕೇಳಬೇಕಾದದ್ದು ಮೀನು ಯಾವಾಗ ಹಿಡಿದದ್ದು ಎಂದಷ್ಟೇ ಅಲ್ಲ, ಎಲ್ಲಿಂದ ಬಂತು, ಎಷ್ಟು ತಣ್ಣಗೆ ಇಟ್ಟಿದ್ದರು ಎಂದು. ಇದಕ್ಕೆ ತಡವರಿಸದೆ ಉತ್ತರ ಕೊಡುವ ಅಂಗಡಿಯಲ್ಲಿ ಸೌತೆಕಾಯಿ ಸುಶಿಯನ್ನೋ ಬೆಂದ ಸಿಗಡಿಯ ಸುಶಿಯನ್ನೋ ತಿಂದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ‘ಇಂದಿನ ಮೀನು’ ಎಂಬ ಫಲಕ ಕಂಡವರು ಒಳಗೆ ಹೋಗುವ ಮೊದಲು ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.