ನೆರೆಯವರ ಪಾಲು

ಆಯವ್ಯಯ ಮಂಡಿಸುವ ಕಾಲ ಬಂತೆಂದರೆ ನಮ್ಮ ಪೇಟೆಗಳಲ್ಲಿ ಒಂದು ಹಳೆಯ ವಾದ ಹೊಸದಾಗಿ ಹುಟ್ಟುತ್ತದೆ. ರಸ್ತೆಗೆ ಕಾಂಕ್ರೀಟು ಮೊದಲೋ ಚರಂಡಿ ಮೊದಲೋ. ಸ್ವಾಗತ ಗೋಪುರ ಬೇಕೋ ಮೀನು ಮಾರುಕಟ್ಟೆಗೆ ಮಾಡು ಬೇಕೋ. ನಮ್ಮ ವಾರ್ಡಿಗೆ ಬಂದದ್ದೆಷ್ಟು, ಪಕ್ಕದ ವಾರ್ಡಿಗೆ ಹೋದದ್ದೆಷ್ಟು. ಬಂಟ್ವಾಳ ಪುರಸಭೆಯ 27 ವಾರ್ಡುಗಳಲ್ಲಾಗಲಿ, ಮೂಡುಬಿದಿರೆಯ 23ರಲ್ಲಾಗಲಿ, ಬೆಳ್ತಂಗಡಿ ಪಟ್ಟಣ ಪಂಚಾಯತಿನ 11ರಲ್ಲಾಗಲಿ ಈ ಮಾತುಗಳು ಬಹಳ ಬೇರೆಯಾಗಿರುವುದಿಲ್ಲ. ಅದು ಬೇಕಾದ ವಾದವೇ. ತೆರಿಗೆ ಕೊಟ್ಟವನು ಲೆಕ್ಕ ಕೇಳದೆ ಹೋದರೆ ಪುರಸಭೆಯೆಂಬುದು ಬರಿಯ ಕಚೇರಿಯಾಗಿ ಉಳಿಯುತ್ತದೆ. ಆದರೆ ಈ ವಾದವೆಲ್ಲ ನಡೆಯುವುದು ಎಲ್ಲೆಕಲ್ಲಿನ ಒಳಗೆ. ಎಲ್ಲೆಯ ಆಚೆಗಿದ್ದು, ಈಚೆಯವರ ಸೌಖ್ಯದ ಬೆಲೆಯಲ್ಲಿ ಒಂದು ಭಾಗವನ್ನು ತೆರುತ್ತಿರುವವರ ಸುದ್ದಿ ಅಲ್ಲಿ ಬರುವುದಿಲ್ಲ. ಅವರಿಗೆ ನಾವು ಏನಾದರೂ ಸಲ್ಲಿಸಬೇಕಾದದ್ದು ಉಂಟೆ?

ತುಂಬೆಯನ್ನು ತೆಗೆದುಕೊಳ್ಳೋಣ. ಮಂಗಳೂರು ನಗರ ಕುಡಿಯುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನ ನೀರನ್ನು. ಹಳೆಯ ಕಟ್ಟದಲ್ಲಿ ನಿಲ್ಲುತ್ತಿದ್ದುದು 4 ಮೀಟರ್ ನೀರು. ಹೊಸದರಲ್ಲಿ 2017ರ ಹೊತ್ತಿಗೆ 5 ಮೀಟರ್ ನಿಂತಿತು. ಅನಂತರ 6 ಆಯಿತು. ನಗರದ ನಲ್ಲಿಯ ಬಳಿ ಕೊಡ ಹಿಡಿದು ನಿಂತವರಿಗೆ ಒಂದು ಮೀಟರ್ ಎಂದರೆ ಬೇಸಗೆಯಲ್ಲಿ ಇನ್ನಷ್ಟು ದಿನಗಳ ನೆಮ್ಮದಿ. ಸಜಿಪದ ಕಡೆ ಹೊಳೆಯ ದಂಡೆಯಲ್ಲಿ ತೋಟವಿರುವ ಕೃಷಿಕನಿಗೆ ಅದೇ ಮೀಟರು ಅಡಿಕೆಮರದ ಬುಡದಲ್ಲಿ ನಿಂತ ನೀರು. ಅಡಿಕೆಯ ಸ್ವಭಾವ ಬಲ್ಲವರಿಗೆ ಬೇರೆ ಹೇಳಬೇಕಾದುದಿಲ್ಲ. ಅದಕ್ಕೆ ನೀರು ಬೇಕು, ನಿಂತ ನೀರು ಆಗದು. ಮುಳುಗುವ ಭೂಮಿಗೆ ವರ್ಷವರ್ಷ ಬಾಡಿಗೆ ಕೊಡುವುದೋ, ಒಮ್ಮೆಗೇ ಬೆಲೆ ಕಟ್ಟುವುದೋ ಎಂಬ ಚರ್ಚೆಯೂ ನಡೆಯಿತು. ಮಂಗಳೂರು ಮಹಾನಗರಪಾಲಿಕೆಗೆ 60 ವಾರ್ಡುಗಳು. ಮುಳುಗುವ ತೋಟ ಅವುಗಳಲ್ಲಿ ಒಂದರಲ್ಲೂ ಇಲ್ಲ.

ಇಷ್ಟು ಕೇಳಿ ಮಂಗಳೂರಿನವರನ್ನು ಬಯ್ಯಲು ಹೊರಡುವ ಬಂಟ್ವಾಳಿಗರು ತುಸು ತಾಳಬೇಕು. ನಮ್ಮ ಪುರಸಭೆ ಪೇಟೆಯ ಕಸಕ್ಕೆ ಜಾಗ ಕಂಡುಕೊಂಡದ್ದು ಪೇಟೆಯಲ್ಲಲ್ಲ, ಸಜಿಪನಡು ಗ್ರಾಮದ ಕಂಚಿನಡ್ಕ ಪದವಿನಲ್ಲಿ. ಆ ಗ್ರಾಮದವರು ವಿರೋಧಿಸಿದರು. ಪುರಸಭೆಯ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಇನ್ನು ಬಂಟ್ವಾಳದ ಇಳಿಜಾರೆಲ್ಲ ನೇತ್ರಾವತಿಯ ಕಡೆಗೆ, ತುಂಬೆ ಇರುವುದು ನಮಗಿಂತ ಕೆಳಗೆ. ನಮ್ಮ ಚರಂಡಿಗೆ ಹಣವಿಡುವುದನ್ನು ಒಂದು ವರ್ಷ ಮುಂದೂಡಿದರೆ ಅದರ ಫಲವನ್ನು ಉಣ್ಣುವವರಲ್ಲಿ ಮಂಗಳೂರಿನವರೂ ಸೇರುತ್ತಾರೆ. ಮೇಲಿನವನು ಕೆಳಗಿನವನಿಗೆ, ಪೇಟೆ ಹಳ್ಳಿಗೆ, ನಗರ ಪೇಟೆಗೆ ಹೀಗೆ ಸಾಲುಸಾಲಾಗಿ ಹೊರೆ ದಾಟಿಸುತ್ತ ಬಂದಿದ್ದೇವೆ.

ಕನ್ನಡದಲ್ಲಿ ‘ನೆರೆ’ ಎಂದರೆ ಪಕ್ಕದ ಮನೆಯೂ ಹೌದು, ಉಕ್ಕಿಬಂದ ಪ್ರವಾಹವೂ ಹೌದು. ನೇತ್ರಾವತಿಯ ದಂಡೆಯಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು ಕಷ್ಟ. 1923ರ ನೆರೆಯನ್ನು ತುಳುವಿನಲ್ಲಿ ಇಂದಿಗೂ ಮಾರಿಬೊಳ್ಳವೆಂದೇ ಕರೆಯುತ್ತಾರೆ. 1974ರದನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಇದ್ದಾರೆ. 2019ರ ಮೇ ತಿಂಗಳಲ್ಲಿ ನೀರಿಲ್ಲದೆ ಧರ್ಮಸ್ಥಳಕ್ಕೆ ಬರುವ ಯಾತ್ರಿಕರನ್ನು ಪ್ರಯಾಣ ಮುಂದೂಡಿರೆಂದು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಕಡೆ ಹೊಳೆ ಸೇತುವೆ, ತೋಟ, ಮನೆ ಎನ್ನದೆ ನುಗ್ಗಿತು. ಹೊಳೆ ವಾರ್ಡಿನ ನಕಾಶೆ ನೋಡಿ ಹರಿಯುವುದಿಲ್ಲ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪುರಸಭಾ ಸದಸ್ಯನು ಊರಿನವರ ಹಣಕ್ಕೆ ಧರ್ಮದರ್ಶಿ ಇದ್ದಂತೆ. ತನ್ನ ಕಿಸೆಯಿಂದ ಎಷ್ಟು ಬೇಕಾದರೂ ದಾನ ಮಾಡಲಿ. ಪರರ ಹಣದಲ್ಲಿ ಉದಾರಿಯಾಗುವ ಅಧಿಕಾರ ಅವನಿಗೆಲ್ಲಿಯದು? ಒಳಗಿನವರಿಗೇ ದೀಪವಿಲ್ಲದಿರುವಾಗ ಹೊರಗಿನವರ ಚಿಂತೆ ಏಕೆ? ಈ ಮಾತನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಪ್ರಾಮಾಣಿಕರಾದ ಸದಸ್ಯರೇ ಇದನ್ನು ಆಡುವುದುಂಟು. ಆದರೆ ಇಲ್ಲಿ ದಾನಕ್ಕೂ ಋಣಕ್ಕೂ ಇರುವ ಭೇದ ಮರೆತುಹೋಗಿದೆ. ಅಂಗಡಿಯಿಂದ ತಂದ ಅಕ್ಕಿಗೆ ಹಣ ಕೊಡುವುದನ್ನು ಯಾರೂ ಔದಾರ್ಯವೆನ್ನುವುದಿಲ್ಲ. ತೋಟ ಮುಳುಗಿಸಿ ಪಡೆದ ನೀರಿನ ಬೆಲೆಯಲ್ಲಿ ಪೈಪು, ಪಂಪು, ವಿದ್ಯುತ್ತು ಸೇರುವುದಾದರೆ ತೋಟವೂ ಸೇರಬೇಕು. ಅದನ್ನು ಬಿಟ್ಟು ಹಾಕಿದ ಲೆಕ್ಕ ಮಿತವ್ಯಯದ ಲೆಕ್ಕವಲ್ಲ, ತಪ್ಪು ಲೆಕ್ಕ. ಮನೆಯ ಯಜಮಾನ ತಿಂಗಳ ಮೊದಲಲ್ಲಿ ಸಾಲದ ಕಂತನ್ನು ಬೇರೆ ತೆಗೆದಿಟ್ಟು, ಉಳಿದುದರಲ್ಲಿ ಹಬ್ಬಕ್ಕೆಷ್ಟು ಬಟ್ಟೆಗೆಷ್ಟು ಎಂದು ಎಣಿಸುತ್ತಾನೆ. ಆದ್ಯತೆಯ ಪಟ್ಟಿಗೆ ಮುಂಚೆಯೇ ಋಣದ ಪಟ್ಟಿ ಇರುತ್ತದೆ.

ಹಾಗಾದರೆ ತಕ್ಕ ಪರಿಹಾರ ಕೊಟ್ಟುಬಿಟ್ಟರೆ ಸಾಕೆ? ಸಾಲದೆಂದು ನನಗೆ ತೋರುತ್ತದೆ. ಋಣ ಎಷ್ಟೆಂಬುದನ್ನು ಸಾಲಗಾರನೊಬ್ಬನೇ ಕುಳಿತು ನಿರ್ಣಯಿಸಿದರೆ ಅದು ಮತ್ತೆ ದಾನದ ರೂಪಕ್ಕೇ ಇಳಿಯುತ್ತದೆ. ‘ಪ್ರತಿನಿಧಿ’ ಎಂಬ ಶಬ್ದ ನಮ್ಮ ಶಾಸನಸಭೆಗಳಿಗಿಂತ ಬಹಳ ಹಳೆಯದು. ಯಾಗದಲ್ಲಿ ಸೋಮಲತೆ ದೊರೆಯದಿದ್ದರೆ ಪೂತೀಕವನ್ನು ಬಳಸಬಹುದು; ಆ ಬದಲಿ ದ್ರವ್ಯವನ್ನು ಮೀಮಾಂಸಕರು ಪ್ರತಿನಿಧಿಯೆಂದರು. ದ್ರವ್ಯಕ್ಕೆ ಪ್ರತಿನಿಧಿ ಸಲ್ಲುತ್ತದೆ, ಆದರೆ ಫಲವನ್ನು ಅನುಭವಿಸಬೇಕಾದ ಯಜಮಾನನಿಗೆ ಸಲ್ಲದು ಎಂಬ ಕಟ್ಟನ್ನೂ ಅವರೇ ಹಾಕಿದರು. ಪ್ರಜಾಪ್ರಭುತ್ವ ಈ ಕಟ್ಟನ್ನು ಸಡಿಲಿಸಿ ಯಜಮಾನನಿಗೇ ಪ್ರತಿನಿಧಿಯನ್ನು ಕೊಟ್ಟಿತು, ಬೇರೆ ದಾರಿಯಿರಲಿಲ್ಲ. ಆದರೆ ಕಂಚಿನಡ್ಕದವನಿಗೆ ಬಂಟ್ವಾಳದ ಸಭೆಯಲ್ಲಿ ಯಜಮಾನಿಕೆಯೂ ಇಲ್ಲ, ಪ್ರತಿನಿಧಿಯೂ ಇಲ್ಲ. ಫಲ ಮಾತ್ರ ಅವನ ಪಾಲಿಗೆ ಉಂಟು.

ಎಲ್ಲೆಯ ಒಳಗೂ ಇಂಥವರಿದ್ದಾರೆ. ಮೂಡುಬಿದಿರೆಯ ವಿದ್ಯಾರ್ಥಿನಿಲಯಗಳಲ್ಲಿ ಸಾವಿರಾರು ಮಕ್ಕಳು ಊರಿನ ನೀರು ಕುಡಿದು, ಊರಿನ ರಸ್ತೆಯಲ್ಲಿ ನಡೆದು ವರ್ಷಗಳನ್ನು ಕಳೆಯುತ್ತಾರೆ. ಅವರ ಮತ ಬಹುಮಟ್ಟಿಗೆ ಅವರವರ ಊರಿನಲ್ಲಿ. ಮತವಿದ್ದವರ ಪಾಡೂ ಎಲ್ಲ ಕಾಲದಲ್ಲಿ ಹಿತವಾಗಿರಲಿಲ್ಲವೆನ್ನಿ. ಬಂಟ್ವಾಳದಲ್ಲಿ 2018ರ ಆಗಸ್ಟಿನಲ್ಲಿ ಮತದಾನವಾಗಿ ಸದಸ್ಯರು ಗೆದ್ದರು. ಅಧ್ಯಕ್ಷ ಪದವಿಯ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆಯಾಗುವಾಗ 2020ರ ಕೊನೆ ಬಂದಿತ್ತು.

ನೆರೆಯವರು ಒಟ್ಟಿಗೆ ಕೂಡುವ ಜಗಲಿಯೊಂದನ್ನು ಕಾನೂನು ಕಟ್ಟದೆ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಬೇಕೆಂದಿತು. ಪಂಚಾಯತಿಗಳಿಗೂ ಪುರಸಭೆಗಳಿಗೂ ಸಮಾನವಾದ ವಿಷಯಗಳನ್ನು, ನೀರಿನ ಹಂಚಿಕೆಯನ್ನೂ ಹೆಸರಿಸಿಯೇ, ಅದು ಪರಿಶೀಲಿಸಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತು ಮತ್ತು ಪುರಸಭೆಗಳಿಂದ ಚುನಾಯಿತರಾಗಬೇಕು. ತುಂಬೆಯ ಪ್ರಶ್ನೆಗೆಂದೇ ಬರೆದಂತಿದೆ ಆ ವಿಧಿ. ಆದರೆ 2016ರಲ್ಲಿ ಚುನಾಯಿತವಾದ ಜಿಲ್ಲಾ ಪಂಚಾಯತುಗಳ ಅವಧಿ 2021ರಲ್ಲಿ ಮುಗಿದ ಮೇಲೆ ಹೊಸ ಚುನಾವಣೆ ನಡೆಯಲಿಲ್ಲ. 2024 ಕೂಡ ಹಾಗೆಯೇ ಕಳೆಯಿತು. ಹಳ್ಳಿಯ ಕಡೆಯವರು ಕೂಡಬೇಕಾದ ಸ್ಥಾನಗಳೇ ಬರಿದಾದ ಮೇಲೆ ಜಗಲಿಯಿದ್ದೇನು?

ಅಲ್ಲಿಯವರೆಗೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಅದಕ್ಕೆ ಕಾನೂನಿನ ತಿದ್ದುಪಡಿ ಬೇಡ, ಹಣವೂ ಬೇಡ. ಆಯವ್ಯಯಕ್ಕೆ ಮುನ್ನ ನಾಗರಿಕರ ಸಲಹಾ ಸಭೆ ಕರೆಯುವ ಪದ್ಧತಿ ನಮ್ಮ ನಗರಸಂಸ್ಥೆಗಳಲ್ಲಿದೆ. ಆ ಸಭೆಗೆ ಮಂಗಳೂರಿನವರು ಸಜಿಪದ ಕೃಷಿಕರನ್ನೂ, ಬಂಟ್ವಾಳದವರು ಸಜಿಪನಡುವಿನವರನ್ನೂ ಕರೆಯಲಿ, ಮೊದಲ ಮಾತು ಅವರದಾಗಲಿ. ಸಭಾಭವನದಲ್ಲಿ ಆ ದಿನ ಕುರ್ಚಿಗಳು ಹೇಗೂ ಖಾಲಿಯೇ ಇರುತ್ತವೆ.