ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ

ದಾವಣಗೆರೆ ಬಳಿಯ ಹದಡಿಯ ಯಾವುದೇ ಬಾಣಂತಿ ಮನೆಗೆ ಆಶಾ ಕಾರ್ಯಕರ್ತೆ ಬಂದರೆ ಮೊದಲು ಕೈ ತೊಳೆದುಕೊಳ್ಳುತ್ತಾರೆ, ಆಮೇಲೆ ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಥರ್ಮಾಮೀಟರ್ ಕೈಗೆ ಸಿಗದ ಹೊತ್ತಿಗೂ ಒಂದು ದಾರಿಯಿದೆ. ನನಗೆ ಬೆರಗು ಹುಟ್ಟಿಸುವುದು ಅದೇ. ಕೈಯ ಹಿಂಬದಿಯನ್ನು ಕೂಸಿನ ಹೊಟ್ಟೆಗೆ ತಾಗಿಸಿ, ಆಮೇಲೆ ಪಾದಕ್ಕೆ ತಾಗಿಸಿ ನೋಡುವುದು. ಎರಡೂ ಬೆಚ್ಚಗಿದ್ದರೆ ಕೂಸು ಹಾಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ತಗುಲಿದೆ. ಕುಲಾವಿ ಕಟ್ಟಿ, ತಾಯಿಯ ಬರಿ ಎದೆಗೆ ಅಪ್ಪಿಸಿ ಹೊದಿಸಬೇಕು. ಎರಡೂ ತಣ್ಣಗಿದ್ದರೆ ತಡಮಾಡದೆ, ಹಾಗೆ ಅಪ್ಪಿಕೊಂಡೇ ದಾವಣಗೆರೆಯ ಆಸ್ಪತ್ರೆಗೆ ಹೊರಡಬೇಕು.

ಶಾಖ ಸಾಲದಾದಾಗ ಆ ಪುಟ್ಟ ಮೈ ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸಿ, ಇದ್ದ ಬಿಸಿಯನ್ನು ಹೃದಯಕ್ಕೆ, ಮಿದುಳಿಗೆ ಉಳಿಸಿಕೊಳ್ಳುತ್ತದೆ. ಹುಟ್ಟಿ ಮೂರು ದಿನ ಆಗಿರದ ಜೀವಕ್ಕೆ ಈ ವಿವೇಕ ಎಲ್ಲಿಂದ ಬಂತು! ದೊಡ್ಡವರ ಮೈಯೂ ಹೀಗೇ ನಡೆದುಕೊಳ್ಳುತ್ತದೆ. ರಕ್ತದೊತ್ತಡ ಕುಸಿದು ಆಘಾತಕ್ಕೆ ಒಳಗಾದ ರೋಗಿಗಳ ಕಾಲಿನ ಹೆಬ್ಬೆರಳಿನ ಬಿಸಿ ಅಳೆದ ಜೋಲಿ ಮತ್ತು ವೈಲ್ ಎಂಬ ವೈದ್ಯರು, ಹೃದಯ ಎಷ್ಟು ರಕ್ತ ತಳ್ಳುತ್ತಿದೆ, ರೋಗಿ ಬದುಕುವ ಸಂಭವ ಎಷ್ಟು ಎಂಬುದರ ಸುಳಿವು ಆ ಬೆರಳಲ್ಲೇ ಸಿಗುತ್ತದೆಂದು 1969ರಲ್ಲಿ ತೋರಿಸಿದರು. ಇದಕ್ಕೆ ತದ್ವಿರುದ್ಧವಾಗಿ, ನಿದ್ದೆ ಬರುವ ಮುನ್ನ ನಮ್ಮೆಲ್ಲರ ಅಂಗೈ ಅಂಗಾಲು ಬೆಚ್ಚಗಾಗುತ್ತವೆ. ಒಳಗಿನ ಶಾಖವನ್ನು ಹೊರಗೆ ಬಿಟ್ಟುಕೊಟ್ಟೇ ಮೈ ಮಲಗುತ್ತದೆ.

ಒಂದೇ ಜಾಗದ ಬಿಸಿ ಹೇಳುವುದು ಕಡಿಮೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಅಂಗಡಿ ಬಾಗಿಲಲ್ಲಿ ಎಲ್ಲರ ಹಣೆಗೂ ಥರ್ಮಾಮೀಟರ್ ಗನ್ ಹಿಡಿದರಲ್ಲ, ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದವನ ಹಣೆ ಸುಡುತ್ತಿತ್ತು, ಸೋಂಕು ತಗುಲಿದವನ ಹಣೆ ತಣ್ಣಗಿದ್ದದ್ದೂ ಉಂಟು. ಎರಡು ಜಾಗ ಹೋಲಿಸಿದಾಗ ಚರ್ಮ ಬಾಯಿ ಬಿಡುತ್ತದೆ.

ಇದು ನಮ್ಮ ಕಡೆ ತುಂಬ ಬೇಕಾದ ವಿಷಯ. ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆಗೆ ಬರಿಗಾಲಲ್ಲಿ ಇಳಿಯುವವರಲ್ಲಿ ಸಕ್ಕರೆ ಕಾಯಿಲೆಯವರೂ ಇದ್ದಾರೆ. ಕಾಯಿಲೆ ಹಳೆಯದಾದಂತೆ ಹಲವರ ಪಾದದ ನರಗಳು ಸೋಲುತ್ತವೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವು ಸುಮ್ಮನಾದರೂ ಚರ್ಮದಡಿಯ ಉರಿಯೂತ ಬಿಸಿಯಾಗಿ ಮೇಲೆ ಬರುತ್ತದೆ. ಎರಡು ಪಾದಗಳ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹುಣ್ಣಾಗುವ ಮುನ್ಸೂಚನೆ. ದಿನವೂ ಹೀಗೆ ಅಳೆದು, ಬಿಸಿ ಕಂಡಾಗ ಓಡಾಟ ಕಡಿಮೆ ಮಾಡಿದವರಿಗೆ ಹುಣ್ಣು ಕಡಿಮೆಯಾದದ್ದನ್ನು ಅಮೆರಿಕದ ಲಾವರಿ, ಆರ್ಮ್‌ಸ್ಟ್ರಾಂಗ್ ಮತ್ತವರ ಸಂಗಡಿಗರು 2007ರಲ್ಲಿ ವರದಿ ಮಾಡಿದರು.

ಕೊರೊನಾ ಕಾಲದಲ್ಲಿ ಕೊಂಡ ಗನ್ ನಿಮ್ಮ ಬೀರುವಿನಲ್ಲಿ ಬಿದ್ದಿದ್ದರೆ ಹೊರಗೆ ತೆಗೆಯಿರಿ. ಅದರಲ್ಲಿ ವಸ್ತುವಿನ ಮೇಲ್ಮೈಯ ಬಿಸಿ ಅಳೆಯುವ ಸೌಲಭ್ಯವಿದ್ದರೆ ಅಷ್ಟೇ ಸಾಕು. ಸಕ್ಕರೆ ಕಾಯಿಲೆಯ ಅಪ್ಪನೋ ಅವ್ವನೋ ಮನೆಯಲ್ಲಿದ್ದರೆ, ರಾತ್ರಿ ಅವರ ಕಾಲು ತೊಳೆದು, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಎರಡೂ ಅಂಗಾಲು ಅಳೆಯಿರಿ. ಒಂದೇ ಜಾಗ ಮರುದಿನವೂ ಇನ್ನೊಂದು ಪಾದಕ್ಕಿಂತ ಅಷ್ಟು ಬಿಸಿಯಾಗಿದ್ದರೆ ಅವರನ್ನು ಗದ್ದೆಗೆ ಕಳಿಸಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.