ಅಲ್ಲಿಯ ಒರೆಗಲ್ಲು, ಇಲ್ಲಿಯ ಚಿನ್ನ

ಖರಾಡಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ನಿಂತರೆ ಗಾಜಿನ ಕಚೇರಿಗಳ ಸಾಲು ಕಾಣುತ್ತದೆ. ಮುಳಾ-ಮುಠಾ ದಂಡೆಯ ಈ ಹಳ್ಳಿಯಲ್ಲಿ ಒಂದು ಕಾಲಕ್ಕೆ ಹೊಲಗಳಿದ್ದವು. ಮೊನ್ನೆ ಅಂಥ ಒಂದು ಕಚೇರಿಯ ಪರೀಕ್ಷೆಗೆಂದು ನನ್ನ ತಂಗಿಯ ಮಗ ಗದಗಿನಿಂದ ಬಂದಿದ್ದ. ಕಂಪ್ಯೂಟರಿನ ಮುಂದೆ ಮುಕ್ಕಾಲು ತಾಸು ಬುದ್ಧಿಶಕ್ತಿಯ ಪ್ರಶ್ನೆಗಳು. ಸಂಜೆಗೇ ‘ಇಲ್ಲ’ ಎಂದು ಉತ್ತರ ಬಂತು. ಊಟಕ್ಕೆ ಕೂತಾಗ ಕೇಳಿದ: “ಮಾಮಾ, ನನ್ನ ಕೆಲಸಾ ಒಂದಿನಾನೂ ನೋಡದ ಇವರಿಗೆ ಹ್ಯಾಂಗ ಗೊತ್ತಾತು? ನೀವೂ ಹಿಂಗ ಮಾಡ್ತಿದ್ರೇನು?”

ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಆಯುಷ್ಯ ಕಳೆದವನು. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

ಬೇರೆಲ್ಲೋ, ಬೇರೆಯವರ ಮೇಲೆ ಸಿಕ್ಕ ಪುರಾವೆಯಿಂದ ಇಲ್ಲಿಯವನೊಬ್ಬನನ್ನು ತೂಗುವುದು ನ್ಯಾಯವೆ? ಹಿಂದೆ ಈ ಶಾಸ್ತ್ರದ ಪಂಡಿತರೇ ಅಲ್ಲವೆನ್ನುತ್ತಿದ್ದರು. ಒಂದು ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸಗಾರನನ್ನು ಗುರುತಿಸಿದ ಪರೀಕ್ಷೆ ಪಕ್ಕದ ಕಾರ್ಖಾನೆಯಲ್ಲಿ ಸೋಲುತ್ತಿತ್ತು. ಆದ್ದರಿಂದ ಪ್ರತಿ ಸ್ಥಳದಲ್ಲೂ ಹೊಸದಾಗಿ ಒರೆಹಚ್ಚಬೇಕು ಎಂಬುದು ಅವರ ಮತ. 1977ರಲ್ಲಿ ಅಮೆರಿಕದ ಶ್ಮಿಟ್ ಮತ್ತು ಹಂಟರ್ ಇದಕ್ಕೆ ಬೇರೆ ಕಾರಣ ಹೇಳಿದರು. ಈ ವ್ಯತ್ಯಾಸದ ಬಹುಪಾಲು ಕಾರ್ಖಾನೆಯದಲ್ಲ, ಲೆಕ್ಕದ್ದು. ಪರೀಕ್ಷೆಗೂ ಕೆಲಸಕ್ಕೂ ಇರುವ ನಿಜವಾದ ಸಂಬಂಧ 0.3 ಎಂದಿಟ್ಟುಕೊಳ್ಳಿ, 30 ಜನರನ್ನಷ್ಟೇ ನೋಡಿದರೆ ಅದು ಸೊನ್ನೆಯಾಗಿಯೂ ಕಾಣಬಹುದು, 0.6 ಆಗಿಯೂ ಕಾಣಬಹುದು. ನೂರಾರು ಅಧ್ಯಯನಗಳನ್ನು ಕೂಡಿಸಿದಾಗಲೇ ನಿಜ ಹೊರಬೀಳುತ್ತದೆ.

ಈ ಮಾತು ನನಗೆ ಚುಚ್ಚುತ್ತದೆ. ನಮ್ಮಲ್ಲೂ ಒಮ್ಮೆ ಮೂವತ್ತು ಚಿಲ್ಲರೆ ಟರ್ನರುಗಳ ಮೇಲೆ ಒಂದು ಪರೀಕ್ಷೆ ನಡೆಸಿ, ಫಲವಿಲ್ಲವೆಂದು ಕಪಾಟಿಗೆ ಸೇರಿಸಿದೆವು. “ನಮ್ಮ ಕಾರ್ಖಾನೆಯ ಮಾತೇ ಬೇರೆ” ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಆಮೇಲೆ ಮುಖ ನೋಡಿ, ಮಾತು ಕೇಳಿ ಆರಿಸಿದೆ. ಸಂಕೋಚದ ಹುಡುಗರು ಎಷ್ಟು ಮಂದಿ ಹಿಂದಿರುಗಿದರೋ! ಸ್ಥಳೀಯ ಅನುಭವವೆಂದು ನಾನು ಕರೆದದ್ದು ಹೆಚ್ಚಾಗಿ ನನ್ನ ಮೆಚ್ಚುಗೆಯಾಗಿತ್ತು.

ಹಾಗೆಂದು ದೂರದ ಪುರಾವೆಯನ್ನು ಕಣ್ಣುಮುಚ್ಚಿ ತಲೆಯ ಮೇಲೆ ಹೊರಬೇಕೆ? 1998ರಲ್ಲಿ ಅದೇ ಇಬ್ಬರು ಬುದ್ಧಿಶಕ್ತಿಯ ಪರೀಕ್ಷೆಗೆ 0.51 ಎಂಬ ಅಂಕಿ ಕೊಟ್ಟರು. ಜಗತ್ತೆಲ್ಲ ಅದನ್ನು ಪಠಿಸಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಮರುಲೆಕ್ಕ ಹಾಕಿ 0.31ಕ್ಕೆ ಇಳಿಸಿದರು. ತಪ್ಪಿದ್ದೆಲ್ಲಿ? ಕೆಲಸ ಸಿಕ್ಕವರ ಕೆಲಸವನ್ನು ಮಾತ್ರ ಅಳೆಯಲು ಬರುತ್ತದೆ. ತಿರಸ್ಕೃತರ ಕೆಲಸವನ್ನು ಯಾರೂ ನೋಡಿರುವುದಿಲ್ಲ. ಅವರ ಪಾಲನ್ನು ಊಹೆಯಿಂದ ತುಂಬಬೇಕು. ಆ ಊಹೆ ಅತಿಯಾಗಿತ್ತು. ನಮ್ಮ ಹುಡುಗ ರೊಟ್ಟಿ ತಿನ್ನುತ್ತ ಕೇಳಿದ್ದೂ ಇದನ್ನೇ.

0.3 ಸಣ್ಣದಲ್ಲ. ಆದರೆ ಅದರ ಅರ್ಥ ಮನೆಮಾತಿನಲ್ಲಿ ಹೀಗಿದೆ: ಪರೀಕ್ಷೆಯಲ್ಲಿ ಕೆಳಗಿನ ಅರ್ಧಕ್ಕೆ ಬಿದ್ದ 100 ಮಂದಿಯಲ್ಲಿ ಸುಮಾರು 40 ಜನ, ಅವಕಾಶ ಸಿಕ್ಕರೆ, ಕೆಲಸದಲ್ಲಿ ಮೇಲಿನ ಅರ್ಧಕ್ಕೆ ಬರುತ್ತಾರೆ. ಪುರಾವೆ ಗುಂಪಿನ ಬಗ್ಗೆ ಮಾತನಾಡುತ್ತದೆ, ‘ಇಲ್ಲ’ ಎಂಬ ಉತ್ತರ ಮಾತ್ರ ಒಬ್ಬನ ಮನೆಗೆ ಹೋಗುತ್ತದೆ.

ಒರೆಗಲ್ಲನ್ನು ಹೊತ್ತು ತರುವುದರಲ್ಲಿ ದೋಷವಿಲ್ಲ. ಪ್ಯಾರಿಸಿನ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತರು ಧಾರವಾಡಕ್ಕೆ ತಂದರು. ಬರೀ ಭಾಷಾಂತರಿಸಿ ಕೈತೊಳೆದುಕೊಳ್ಳಲಿಲ್ಲ. ಕನ್ನಡದ ಮಕ್ಕಳ ಮೇಲೂ ಮರಾಠಿಯ ಮಕ್ಕಳ ಮೇಲೂ ಪ್ರಯೋಗಿಸಿ ತಿದ್ದಿದರು. 1934ರಲ್ಲಿ ಅದರ ವಿವರ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನಮ್ಮೀ ಎರಡು ಭಾಷೆಗಳ ನಡುವೆ ಬದುಕುವ ನಾವು ಈ ಸಂಗತಿಯನ್ನು ಮರೆತಿದ್ದೇವೆ. ತಂದವನು ತಿದ್ದುವ ಹೊಣೆಯನ್ನೂ ಹೊರಬೇಕು ಎಂಬುದು ನನ್ನ ಅಭಿಪ್ರಾಯ. ಗದಗಿನ ಕನ್ನಡ ಶಾಲೆಯ ಹುಡುಗ ಇಂಗ್ಲಿಷಿನ ಪ್ರಶ್ನೆಯಲ್ಲಿ ತಡವರಿಸಿದರೆ ಅಳತೆಗೆ ಸಿಕ್ಕಿದ್ದು ಬುದ್ಧಿಯೋ ಭಾಷೆಯೋ ಎಂದು ಯಾರಾದರೂ ಕೇಳಬೇಡವೆ?

ಇನ್ನೊಂದು ಮಾತಿದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನು ಬೇಡವೆಂದವನನ್ನು ಮುಂದಿನ ಕಾರ್ಖಾನೆಯ ಇನ್ನೊಬ್ಬ ಹುಂಬ, ತನ್ನದೇ ಹುಚ್ಚು ಅಳತೆಯಿಂದ, ಒಳಗೆ ಕರೆದುಕೊಳ್ಳುತ್ತಿದ್ದ. ಎಲ್ಲ ಬಾಗಿಲಲ್ಲೂ ಒಂದೇ ಒರೆಗಲ್ಲು ಇಟ್ಟರೆ, ಆ 40 ಮಂದಿ ಎಲ್ಲಿಗೆ ಹೋಗಬೇಕು?

ಹುಡುಗನಿಗೆ “ನಾ ಮಾಡಿದ್ದು ಇದಕ್ಕಿಂತ ಕೆಟ್ಟದ್ದಿತ್ತಪಾ” ಎಂದೆ. ನಕ್ಕ. ಮುಂದಿನ ವಾರ ಹಿಂಜವಡಿಯಲ್ಲಿ ಇನ್ನೊಂದು ಕಚೇರಿಗೆ ಹೋಗುವವನಿದ್ದಾನೆ. ಅಲ್ಲಿಯೂ ಪರೀಕ್ಷೆ ಇದೆಯಂತೆ.